ಜ್ವರ ಬಿಟ್ಟ ರಾತ್ರಿ: ದಾವಣಗೆರೆಯ ಒಂದು ಮೆಡಿಕಲ್ ವಾರ್ಡ್‌ನ ಪ್ರಕರಣ

ಈ ಪ್ರಕರಣ ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯದು. ಮಳೆಗಾಲ, ಡೆಂಗ್ಯೂ ಜೋರಾಗಿದ್ದ ಸಮಯ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಬೆಡ್ ನಂಬರ್, ವಯಸ್ಸು, ಊರು ಎಲ್ಲ ಬದಲಿಸಿದ್ದೇನೆ. ನಾನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುವವಳು. ಘಟನೆ ಆದಮೇಲೆ ನಡೆದ ಸಭೆಯಲ್ಲಿ ಕೂತಿದ್ದೆ, ಚಾರ್ಟ್‌ಗಳನ್ನು ನೋಡಿದೆ, ಆ ರಾತ್ರಿ ಡ್ಯೂಟಿಯಲ್ಲಿದ್ದ ಎಲ್ಲರ ಜೊತೆ ಬೇರೆ ಬೇರೆಯಾಗಿ ಮಾತಾಡಿದೆ. ರೋಗಿ ಹುಷಾರಾಗಿ ಮನೆಗೆ ಹೋದಳು. ಹಾಗಾಗಿ ಇದನ್ನು ಅಲ್ಲಿಗೇ ಬಿಡಬಹುದಿತ್ತು. ಬಹಳ ಕಡೆ ಬಿಡುವುದೇ ಆಗುತ್ತದೆ. ರೋಗಿ ಬದುಕಿದ ಪ್ರಕರಣದಿಂದ ಕಲಿಯಲು ಯಾರಿಗೂ ಪುರುಸೊತ್ತಿಲ್ಲ. ನನಗೆ ಮಾತ್ರ ಇದರಲ್ಲಿ ಕಲಿಯುವುದು ತುಂಬಾ ಇದೆ ಅನ್ನಿಸಿದೆ.

ವಾರ್ಡ್ ಮತ್ತು ಜನ

ವಾರ್ಡ್‌ನಲ್ಲಿ 30 ಬೆಡ್. ಆ ರಾತ್ರಿ 27 ರೋಗಿಗಳಿದ್ದರು. ಹನ್ನೆರಡು ಗಂಟೆ ಹತ್ತಿರ ಕ್ಯಾಶುಯಾಲ್ಟಿಯಿಂದ ಇನ್ನೊಬ್ಬರು ಬಂದು 28 ಆದರು. ಅದರಲ್ಲಿ ಒಂಬತ್ತು ಡೆಂಗ್ಯೂ. ಜಗಳೂರು, ಹರಪನಹಳ್ಳಿ ಕಡೆಯವರೇ ಜಾಸ್ತಿ. ನಲ್ಲಿಯಲ್ಲಿ ದಿನಾ ನೀರು ಬಾರದ ಊರಲ್ಲಿ ಡ್ರಮ್ಮು, ತೊಟ್ಟಿ ತುಂಬಿಟ್ಟುಕೊಳ್ಳದೆ ವಿಧಿಯಿಲ್ಲ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದೂ ಅಂಥ ನಿಂತ ತಿಳಿ ನೀರಲ್ಲೇ.

ಡ್ಯೂಟಿಯಲ್ಲಿದ್ದವರು ಐದು ಜನ. ರಾತ್ರಿ ಪಾಳಿಯ ಇನ್‌ಚಾರ್ಜ್ ಸಿಸ್ಟರ್‌ಗೆ ಹನ್ನೊಂದು ವರ್ಷದ ಅನುಭವ. ಕೋರ್ಸ್ ಮುಗಿಸಿ ಎಂಟು ತಿಂಗಳಾದ ಒಬ್ಬ ಬ್ರದರ್, ಅಂದರೆ ಗಂಡು ನರ್ಸ್. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾದ ಕೊನೆ ವರ್ಷದ ಒಬ್ಬ ವಿದ್ಯಾರ್ಥಿನಿ. ಒಬ್ಬ ಆಯಮ್ಮ, ಒಬ್ಬ ವಾರ್ಡ್ ಬಾಯ್. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಲೆಕ್ಕದಲ್ಲಿ ಸಾಮಾನ್ಯ ವಾರ್ಡ್‌ಗೆ ಬೋಧಕ ಆಸ್ಪತ್ರೆಯಲ್ಲಿ 3 ರೋಗಿಗೆ ಒಬ್ಬ ನರ್ಸ್ ಇರಬೇಕು, ಉಳಿದ ಕಡೆ 5 ರೋಗಿಗೆ ಒಬ್ಬರು. ಈ ವಾರ್ಡ್‌ನಲ್ಲಿ 14 ರೋಗಿಗೆ ಒಬ್ಬರಿದ್ದರು. ವಿದ್ಯಾರ್ಥಿನಿಯನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ, ಅವಳು ಕಲಿಯಲು ಬಂದವಳು. ಡ್ಯೂಟಿ ಪಟ್ಟಿಯಲ್ಲಿ ಮಾತ್ರ ಅವಳ ಹೆಸರು ಮೂರನೇ ಸ್ಟಾಫ್ ಜಾಗದಲ್ಲಿತ್ತು. ಮುಂದಿನದನ್ನು ಓದುವಾಗ ಇದನ್ನು ನೆನಪಿಡಬೇಕು. ಇಲ್ಲವಾದರೆ ಎಲ್ಲ ತಪ್ಪನ್ನೂ ಆ ರಾತ್ರಿ ಎಚ್ಚರ ಇದ್ದವರ ಮೇಲೆ ಹಾಕಿ ಮುಗಿಸಿಬಿಡುತ್ತೇವೆ.

17ನೇ ಬೆಡ್‌ನಲ್ಲಿದ್ದವಳು 20 ವರ್ಷದ ಹುಡುಗಿ, ಡಿಗ್ರಿ ಓದುತ್ತಿದ್ದಳು. ತೂಕ 44 ಕೆಜಿ. ಡೆಂಗ್ಯೂ ಪತ್ತೆ ಮಾಡುವ ಎನ್‌ಎಸ್1 ಟೆಸ್ಟ್ ಪಾಸಿಟಿವ್, ಜ್ವರ ಶುರುವಾಗಿ ಐದನೇ ದಿನ. ಹೊಟ್ಟೆನೋವು, ಬಿಡದ ವಾಂತಿ ಅಂತ ಹಿಂದಿನ ದಿನ ಅಡ್ಮಿಟ್ ಆಗಿದ್ದಳು. ಪ್ಲೇಟ್ಲೆಟ್ 62 ಸಾವಿರ. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳು ಶೇಕಡಾ ಎಷ್ಟು ಅನ್ನುವ ಲೆಕ್ಕ, ಅವಳು ಬಂದ ದಿನ 37, ಈ ಸಂಜೆ 41. ಸಲೈನ್ ನಿಧಾನಕ್ಕೆ ಹೋಗುತ್ತಿತ್ತು. ಎರಡು ಗಂಟೆಗೊಮ್ಮೆ ಬಿಪಿ, ಪಲ್ಸ್ ನೋಡಬೇಕು ಅಂತ ಡಾಕ್ಟರ್ ಬರೆದಿದ್ದರು. ಮಧ್ಯಾಹ್ನ ಜ್ವರ ಬಿಟ್ಟಿತ್ತು. ತಾಯಿ ಊರಿಗೆ ಫೋನ್ ಮಾಡಿ, ಜ್ವರ ಹೋಗಿದೆ, ಇನ್ನೇನು ಎರಡು ದಿನದಲ್ಲಿ ಬರ್ತೀವಿ ಅಂತ ಹೇಳಿಯೂ ಆಗಿತ್ತು. ರಾತ್ರಿ ಎಂಟರ ಹ್ಯಾಂಡೋವರ್‌ನಲ್ಲೂ ಸಂಜೆ ಪಾಳಿಯವರು ಅದನ್ನು ಒಳ್ಳೆ ಸುದ್ದಿಯಾಗಿಯೇ ಹೇಳಿದರು: "17, ಡೆಂಗ್ಯೂ, ಪ್ಲೇಟ್ಲೆಟ್ 62, ಜ್ವರ ಇಲ್ಲ, ಆರಾಮಿದಾಳೆ."

ಡೆಂಗ್ಯೂನಲ್ಲಿ ಜ್ವರ ಬಿಡುವ ಹೊತ್ತೇ ಭಯಪಡಬೇಕಾದ ಹೊತ್ತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟವಾಗಿದೆ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ. ಕೆಲವರಲ್ಲಿ ಆಗಲೇ ರಕ್ತನಾಳಗಳಿಂದ ಪ್ಲಾಸ್ಮಾ ಸೋರಲು ಶುರುವಾಗುತ್ತದೆ. ಆ ಸೋರಿಕೆ 24ರಿಂದ 48 ಗಂಟೆ ಇರಬಹುದು. ನೀರಿನ ಅಂಶ ಹೊರಗೆ ಹೋದಂತೆ ಉಳಿದ ರಕ್ತ ಗಟ್ಟಿಯಾಗುತ್ತದೆ, ಪಿಸಿವಿ ಏರುತ್ತದೆ. ದೇಹ ನಾಳಗಳನ್ನು ಬಿಗಿ ಮಾಡಿಕೊಂಡು ಬಿಪಿ ಹಿಡಿದಿಟ್ಟುಕೊಳ್ಳಲು ನೋಡುತ್ತದೆ. ಅದಕ್ಕೇ ಮೇಲಿನ ಬಿಪಿ ಚೆನ್ನಾಗಿರುವ ಹಾಗೇ ಕಾಣುತ್ತಿರುತ್ತದೆ, ಕೆಳಗಿನದು ಏರಿ ಅದರ ಹತ್ತಿರ ಬರುತ್ತದೆ. ಎರಡರ ನಡುವಿನ ಅಂತರ 20 ಅಥವಾ ಅದಕ್ಕಿಂತ ಕಡಿಮೆ ಆಯಿತೆಂದರೆ ಶಾಕ್ ಅಂತಲೇ, ಅಂದರೆ ಅಂಗಾಂಗಗಳಿಗೆ ಬೇಕಾದಷ್ಟು ರಕ್ತ ತಲುಪುತ್ತಿಲ್ಲ ಅಂತಲೇ ತಿಳಿಯಬೇಕು. ರೋಗಿ ಆಗಲೂ ಮಾತಾಡುತ್ತಿರುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಮನೆಯವರು ಪ್ಲೇಟ್ಲೆಟ್ ಎಷ್ಟು ಅಂತ ಗಂಟೆಗೊಮ್ಮೆ ಕೇಳುತ್ತಾರೆ, ಪಪ್ಪಾಯಿ ಎಲೆ ರಸ ತಂದು ಕುಡಿಸುತ್ತಾರೆ. ಯೂರಿನ್ ಎಷ್ಟು ಹೊತ್ತಿನಿಂದ ಆಗಿಲ್ಲ ಅನ್ನುವುದನ್ನು ಯಾರೂ ಕೇಳುವುದಿಲ್ಲ.

ಹನ್ನೊಂದೂವರೆಯಿಂದ ಒಂದರವರೆಗೆ

11:40ಕ್ಕೆ 4ನೇ ಬೆಡ್‌ನ ಹೆಂಗಸಿಗೆ ಬ್ಲಡ್ ಶುರು ಮಾಡಿದರು. ಮೊದಲ ಹದಿನೈದು ನಿಮಿಷ ನರ್ಸ್ ಪಕ್ಕದಲ್ಲೇ ಇರಬೇಕು, ರಿಯಾಕ್ಷನ್ ಜೋರಾಗಿ ಬಂದರೆ ಆ ಹೊತ್ತಲ್ಲೇ ಬರುವುದು ಹೆಚ್ಚು. ಇನ್‌ಚಾರ್ಜ್ ಸಿಸ್ಟರ್ ಅಲ್ಲೇ ನಿಂತಿದ್ದರು. 11:55ಕ್ಕೆ ಸ್ಟ್ರೆಚರ್ ಬಂತು. ಹರಿಹರದ 58 ವರ್ಷದ ಬೀಡಿ ಸೇದುವ ಮನುಷ್ಯ, ಹಳೇ ಉಬ್ಬಸ, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 86. ಅವರಿಗೆ 9ನೇ ಬೆಡ್. ಸಿಸ್ಟರ್ ಅವರನ್ನು ದಿಂಬಿಗೆ ಒರಗಿಸಿ ಕೂರಿಸಿ, ಅಳತೆಯಲ್ಲಿ ಆಕ್ಸಿಜನ್ ಕೊಟ್ಟು, ನೆಬುಲೈಸೇಷನ್ ಹಚ್ಚಿದರು. ಅದೇ ಹೊತ್ತಿಗೆ 22ನೇ ಬೆಡ್‌ನ ಕಡೆಯವರು ಕೂಗಲು ಶುರು ಮಾಡಿದರು. ಡ್ರಿಪ್ ಖಾಲಿ ಆಗಿದೆ, ಗಾಳಿ ಹೋಗ್ತದೆ, ಇಲ್ಲಿ ಕೇಳೋರು ಯಾರೂ ಇಲ್ವಾ ಅಂತ. ಹನ್ನೆರಡು ಗಂಟೆಯ ಇಂಜೆಕ್ಷನ್‌ಗಳೂ ಬಾಕಿ ಇದ್ದವು.

ಸಿಸ್ಟರ್ ಓಡಾಡುತ್ತಲೇ ಕೆಲಸ ಹಂಚಿದರು. ಬ್ರದರ್‌ಗೆ, "ನೀವು ಇಂಜೆಕ್ಷನ್ ಮುಗಿಸ್ಕೊಂಡು ಬನ್ನಿ, 22 ನೋಡಿ." ವಿದ್ಯಾರ್ಥಿನಿಗೆ, "ನೀನು ಎಲ್ಲರ ಬಿಪಿ, ಟೆಂಪರೇಚರ್ ನೋಡಿ ಚಾರ್ಟ್ ಹಾಕ್ಬಿಡಮ್ಮಾ." ಅಷ್ಟೇ.

ಅವಳು ಒಂದನೇ ಬೆಡ್‌ನಿಂದ ಶುರು ಮಾಡಿದಳು. 17ಕ್ಕೆ ಬಂದಾಗ 12:20. ಚಾರ್ಟ್‌ನಲ್ಲಿ ಅವಳ ಅಕ್ಷರ ಅಚ್ಚುಕಟ್ಟಾಗಿದೆ: ಬಿಪಿ 100/80, ಪಲ್ಸ್ 118, ಉಸಿರಾಟ 22, ಸ್ಯಾಚುರೇಷನ್ 98, ಟೆಂಪರೇಚರ್ 36.8. ಅದರ ಮೇಲಿನ ಸಾಲು ರಾತ್ರಿ ಹತ್ತರದ್ದು: 110/76, ಪಲ್ಸ್ 96, ಉಸಿರಾಟ 18. ಎರಡು ಸಾಲಿನ ನಡುವೆ ಒಂದು ಬೆರಳಿನ ಅಗಲ ಜಾಗ ಇಲ್ಲ. ಅಂತರ 34 ಇದ್ದದ್ದು 20ಕ್ಕೆ ಬಂದಿದೆ, ಪಲ್ಸ್ 22 ಏರಿದೆ. ಅವಳು ಬರೆದಳು, ಬಿಪಿ ಕಫ್ ಬಿಚ್ಚಿದಳು, 18ಕ್ಕೆ ಹೋದಳು. ಆಮೇಲೆ ನಾನು ಕೇಳಿದಾಗ ಹೇಳಿದ್ದು ಇಷ್ಟು: "ಮೇಲಿಂದು 100 ಇತ್ತು ಮ್ಯಾಡಮ್. ಜ್ವರ ಇರ್ಲಿಲ್ಲ. ಮಾತಾಡಿದ್ಲು. ಸಿಸ್ಟರ್ ಉಬ್ಬಸದವರ ಹತ್ರ ಇದ್ರು, ಇದಕ್ಕೆ ಕರೆದ್ರೆ ಬೈತಾರೇನೋ ಅನ್ಕೊಂಡೆ."

12:50ಕ್ಕೆ ಆಯಮ್ಮ ಆ ಕಡೆ ಹೋಗಿದ್ದರು. ಪಕ್ಕದ ಬೆಡ್‌ನವರಿಗೆ ಬೆಡ್‌ಪ್ಯಾನ್ ಕೊಟ್ಟು, ಈ ಹುಡುಗಿಗೂ ಬೇಕಾ ಅಂತ ಕೈ ಹಿಡಿದು ಎಬ್ಬಿಸಲು ನೋಡಿದ್ದಾರೆ. ಅಲ್ಲಿಂದ ನೇರ 9ನೇ ಬೆಡ್‌ಗೆ ಬಂದರು. "ಸಿಸ್ಟ್ರೇ, ಆ ಹುಡುಗಿ ಕೈ ಮುಟ್ಟಿ ನೋಡ್ರಿ. ತಣ್ಣಗಾಗ್ಯಾವೆ. ಸಂಜಿಯಿಂದ ಒಂದಕ್ಕೂ ಹೋಗಿಲ್ಲಂತೆ, ಅವರವ್ವ ಹೇಳಿದ್ಳು."

ಸಿಸ್ಟರ್ ಓಡಿದರು. ಬಿಪಿ 90/74. ಪಲ್ಸ್ 126, ಬೆರಳಿಗೆ ಸರಿಯಾಗಿ ಸಿಗುತ್ತಿರಲಿಲ್ಲ. ಉಗುರು ಒತ್ತಿ ಬಿಟ್ಟರೆ ಕೆಂಪು ವಾಪಸ್ ಬರಲು ನಾಲ್ಕು ಸೆಕೆಂಡ್ ಹಿಡಿಯಿತು. ಏಳು ಗಂಟೆಯಿಂದ ಯೂರಿನ್ ಇಲ್ಲ.

ಆಮೇಲೆ ಅವರು ಮಾಡಿದ ಫೋನ್ ಕರೆಯನ್ನು ನಾನು ತರಗತಿಯಲ್ಲಿ ಹಾಗೇ ಓದಿ ಹೇಳುತ್ತೇನೆ. "ಸರ್, ಮೆಡಿಕಲ್ ವಾರ್ಡ್ ನೈಟ್ ಇನ್‌ಚಾರ್ಜ್. 17ನೇ ಬೆಡ್, ಡೆಂಗ್ಯೂ, ಐದನೇ ದಿನ, ಮಧ್ಯಾಹ್ನದಿಂದ ಜ್ವರ ಇಲ್ಲ. ಈಗ ಬಿಪಿ 90/74, ಪಲ್ಸ್ 126, ಕೈಕಾಲು ತಣ್ಣಗಿವೆ, ಏಳು ಗಂಟೆಯಿಂದ ಯೂರಿನ್ ಆಗಿಲ್ಲ. ಶಾಕ್‌ಗೆ ಹೋಗ್ತಿದಾಳೆ ಸರ್. ಎರಡನೇ ಲೈನ್ ಹಾಕ್ತಿದೀನಿ, ಪಿಸಿವಿಗೆ ಬ್ಲಡ್ ತೆಗೀತಿದೀನಿ. ಫ್ಲೂಯಿಡ್ ಎಷ್ಟು ಕೊಡ್ಲಿ ಹೇಳಿ. ನೀವು ಈಗ್ಲೇ ಬರಬೇಕು." ಇಪ್ಪತ್ತು ಸೆಕೆಂಡ್ ಸಾಕು ಇದಕ್ಕೆ. ಯಾರು, ಏನಾಗಿದೆ, ಹಿಂದೆ ಏನಿತ್ತು, ನನಗೇನು ಅನ್ನಿಸುತ್ತದೆ, ನಿಮ್ಮಿಂದ ಏನು ಬೇಕು, ಎಲ್ಲ ಬಂತು. ಇದನ್ನೇ ಎಸ್‌ಬಿಎಆರ್ ಅಂತ ಪಾಠದಲ್ಲಿ ಕಲಿಸುತ್ತೇವೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಬಳಸುತ್ತಿದ್ದ ಕ್ರಮ, ಅಲ್ಲಿಂದ ಆಸ್ಪತ್ರೆಗೆ ಬಂದದ್ದು. ನಮ್ಮಲ್ಲಿ ಬಹಳ ಸಿಸ್ಟರ್‌ಗಳು, "ಸರ್, 17 ಯಾಕೋ ಸರಿ ಇಲ್ಲ, ಒಂದ್ಸಲ ಬಂದು ನೋಡ್ತೀರಾ" ಅಂತ ಕೇಳುತ್ತಾರೆ. ನಿದ್ದೆಗಣ್ಣಲ್ಲಿರುವ ಡಾಕ್ಟರ್‌ಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ನನಗೇನು ಅನ್ನಿಸುತ್ತದೆ ಅಂತ ಹೇಳುವ ಧೈರ್ಯ ನರ್ಸ್‌ಗೆ ಇರಬೇಕು. ಅದನ್ನು ಕೇಳಿಸಿಕೊಳ್ಳುವ ರೂಢಿ ಡಾಕ್ಟರ್‌ಗೂ ಇರಬೇಕು.

ಒಂದು ಕೆಜಿಗೆ 10 ಎಂಎಲ್ ಲೆಕ್ಕದಲ್ಲಿ ಒಂದು ಗಂಟೆಗೆ 440 ಎಂಎಲ್ ಅಂತ ಡ್ಯೂಟಿ ಡಾಕ್ಟರ್ ಫೋನಲ್ಲೇ ಹೇಳಿ ಹೊರಟರು. ವಾರ್ಡ್‌ನ ಒಂದೇ ಇನ್‌ಫ್ಯೂಷನ್ ಪಂಪ್ ಬೇರೆ ರೋಗಿಗೆ ಹಾಕಿತ್ತು. ಒಂದು ಎಂಎಲ್‌ಗೆ 20 ಹನಿ ಬೀಳುವ ಸೆಟ್‌ನಲ್ಲಿ 440 ಅಂದರೆ ನಿಮಿಷಕ್ಕೆ 147 ಹನಿ. ಅದನ್ನು ಕಣ್ಣಲ್ಲಿ ಎಣಿಸಲು ಆಗುವುದಿಲ್ಲ. ಸಿಸ್ಟರ್ ಬಾಟಲಿಗೆ ಉದ್ದಕ್ಕೆ ಪ್ಲಾಸ್ಟರ್ ಅಂಟಿಸಿ, ಪ್ರತಿ 110 ಎಂಎಲ್‌ಗೆ ಒಂದು ಗೆರೆ ಎಳೆದು, ಗೆರೆ ಪಕ್ಕ ಟೈಮ್ ಬರೆದರು: 1:20, 1:35, 1:50, 2:05. ಆ ಹೊತ್ತಿಗೆ ನೀರು ಆ ಗೆರೆಗೆ ಬಂದಿರಬೇಕು. ಹಳೇ ಸಿಸ್ಟರ್‌ಗಳ ವಿದ್ಯೆ ಇದು, ಈಗಿನ ಮಕ್ಕಳಿಗೆ ಗೊತ್ತೇ ಇಲ್ಲ.

ಪಿಸಿವಿ 49 ಬಂತು. ಒಂದು ಗಂಟೆ ಆದಮೇಲೆ ಬಿಪಿ 104/74, ಪಲ್ಸ್ 104, ಕೈ ಬೆಚ್ಚಗಾಯಿತು. ಎರಡೂವರೆಗೆ ಐಸಿಯುಗೆ ಕಳಿಸಿದರು. ಫ್ಲೂಯಿಡ್ ಹಂತ ಹಂತವಾಗಿ ಇಳಿಸಿದರು. ಅದಾದ ಐದನೇ ದಿನ ಡಿಸ್ಚಾರ್ಜ್.

ಒಬ್ಬರೇ ಸಿಸ್ಟರ್, ಎರಡು ಬಗೆಯ ಹಂಚಿಕೆ

ಫೋನ್ ಇಟ್ಟ ತಕ್ಷಣ ಸಿಸ್ಟರ್ ಮತ್ತೆ ಕೆಲಸ ಹಂಚಿದರು. ಈ ಸಲ ಹೀಗೆ.

"ಬ್ರದರ್, ಇಂಜೆಕ್ಷನ್ ನಿಲ್ಲಿಸಿ. 4ನೇ ಬೆಡ್ ಬ್ಲಡ್ ನಿಮ್ಮದು, 9ನೇ ಬೆಡ್ ನಿಮ್ಮದು. 9ರ ಸ್ಯಾಚುರೇಷನ್ 88ಕ್ಕಿಂತ ಕೆಳಗೆ ಬಂದ್ರೆ ಅಲ್ಲಿಂದಲೇ ಕೂಗಿ."

ವಿದ್ಯಾರ್ಥಿನಿಗೆ: "ನೀನು ಇಲ್ಲಿಂದ ಅಲ್ಲಾಡಬೇಡ. ಹದಿನೈದು ನಿಮಿಷಕ್ಕೊಂದ್ಸಲ ಬಿಪಿ. ಎರಡೂ ನಂಬರ್ ನಂಗೆ ಜೋರಾಗಿ ಹೇಳು, ಆಮೇಲೆ ಬರಿ."

ವಾರ್ಡ್ ಬಾಯ್‌ಗೆ: "ಸ್ಯಾಂಪಲ್ ಕೊಟ್ಟು ಬರಬೇಡಪ್ಪಾ. ಅಲ್ಲೇ ನಿಂತು ಪಿಸಿವಿ ರಿಪೋರ್ಟ್ ತಗೊಂಡೇ ಬಾ."

ಆಯಮ್ಮನಿಗೆ: "ಅವರ ತಾಯಿನ ಹೊರಗೆ ಕೂರಿಸಿ ನೀರು ಕೊಡಿ. 22ನೇಯವರಿಗೆ ಅರ್ಧ ಗಂಟೆ ಅಂತ ನಾನು ಹೇಳಿದೆ ಅಂತ ಹೇಳಿ."

ಮಧ್ಯರಾತ್ರಿಯ ಹಂಚಿಕೆಗೂ ಇದಕ್ಕೂ ಇರುವ ಫರಕ್ಕಿನಲ್ಲೇ ಈ ಪ್ರಕರಣದ ಪಾಠ ಇದೆ. ಮೊದಲನೆಯದರಲ್ಲಿ ಕೆಲಸ ಮಾತ್ರ ಇತ್ತು. ಎರಡನೆಯದರಲ್ಲಿ ಕೆಲಸದ ಜೊತೆ, ಯಾವಾಗ, ಯಾವ ನಂಬರ್ ಕಂಡರೆ, ಯಾರಿಗೆ ಹೇಳಬೇಕು ಅನ್ನುವುದೂ ಇತ್ತು. ಚಾರ್ಟ್ ಹಾಕು ಅಂದಾಗ ಆ ಹುಡುಗಿ ಚಾರ್ಟ್ ಹಾಕಿದಳು, ಹೇಳಿದ್ದನ್ನು ಪೂರ್ತಿ ಮಾಡಿದಳು. ಬರೆದ ನಂಬರ್ ಸಿಸ್ಟರ್‌ಗೆ ತಲುಪುವ ದಾರಿಯೇ ಇರಲಿಲ್ಲ. 17ರಲ್ಲಿ ಅಂತರ 20 ಆದರೆ ಓಡಿ ಬಾ ಅಂತ ಒಂದು ಮಾತು ಹೇಳಿದ್ದರೆ 12:20ಕ್ಕೇ ಗೊತ್ತಾಗುತ್ತಿತ್ತು. ಅರ್ಧ ಗಂಟೆ ಉಳಿಯುತ್ತಿತ್ತು. ಶಾಕ್‌ನಲ್ಲಿ ಅರ್ಧ ಗಂಟೆ ಸಣ್ಣದಲ್ಲ.

ಅಮೆರಿಕದ ನರ್ಸಿಂಗ್ ಮಂಡಳಿಗಳ ಒಕ್ಕೂಟ ಹೇಳಿರುವ ಡೆಲಿಗೇಷನ್‌ನ, ಅಂದರೆ ಕೆಲಸ ಇನ್ನೊಬ್ಬರಿಗೆ ವಹಿಸುವುದರ, ಐದು ಸರಿಗಳನ್ನು ನಮ್ಮ ಮಕ್ಕಳು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಸರಿಯಾದ ಕೆಲಸ, ಸರಿಯಾದ ಸಂದರ್ಭ, ಸರಿಯಾದ ವ್ಯಕ್ತಿ, ಸರಿಯಾದ ಸೂಚನೆ, ಸರಿಯಾದ ಮೇಲ್ವಿಚಾರಣೆ. ಈ ಪ್ರಕರಣದಲ್ಲಿ ಕೆಲಸ ಸರಿ ಇತ್ತು, ಬಿಪಿ ನೋಡಲು ಕೊನೆ ವರ್ಷದ ವಿದ್ಯಾರ್ಥಿನಿಗೆ ಖಂಡಿತ ಬರುತ್ತದೆ. ಹೆಚ್ಚಿನ ಬೆಡ್‌ಗಳಿಗೆ ವ್ಯಕ್ತಿಯೂ ಸರಿಯೇ. ಜ್ವರ ಬಿಟ್ಟ ಡೆಂಗ್ಯೂ ರೋಗಿಗೆ ಮಾತ್ರ ಸಂದರ್ಭ ಬೇರೆ. ಅಲ್ಲಿ ಬಿಪಿ ನೋಡುವುದರ ಜೊತೆಗೆ ಅದರ ಅರ್ಥ ಹೇಳುವವರೂ ಬೇಕು. ನೋಡುವ ಕೆಲಸವನ್ನು ಇನ್ನೊಬ್ಬರಿಗೆ ಕೊಡಬಹುದು, ಅರ್ಥ ಮಾಡುವ ಜವಾಬ್ದಾರಿ ಇನ್‌ಚಾರ್ಜ್ ಹತ್ತಿರವೇ ಉಳಿಯುತ್ತದೆ.

ಹಾಗಂತ ಸಿಸ್ಟರ್ 9ನೇ ಬೆಡ್ ಬಿಟ್ಟು 17ಕ್ಕೆ ಬರಬೇಕಿತ್ತು ಅಂತ ಸಭೆಯಲ್ಲಿ ಕೆಲವರು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಸ್ಯಾಚುರೇಷನ್ 86 ಇರುವ ಮನುಷ್ಯನ ಹತ್ತಿರ ಇದ್ದದ್ದೇ ಸರಿ. ಉಸಿರಾಟ ಮೊದಲು, ರಕ್ತಪರಿಚಲನೆ ಆಮೇಲೆ ಅನ್ನುವ ಕ್ರಮವನ್ನು ಅವರು ಪಾಲಿಸಿದ್ದಾರೆ. ಆದರೆ ಆ ಕ್ರಮ ನಮಗೆ ಗೊತ್ತಿರುವ ರೋಗಿಗಳ ನಡುವೆ ಮಾತ್ರ ಕೆಲಸ ಮಾಡುತ್ತದೆ. 17ನೇ ಬೆಡ್ ಅವರ ಮನಸ್ಸಿನ ಪಟ್ಟಿಯಲ್ಲೇ ಇರಲಿಲ್ಲ. ಆರಾಮಿದಾಳೆ ಅಂತ ಎಂಟು ಗಂಟೆಗೇ ಆ ಪಟ್ಟಿಯಿಂದ ಅವಳ ಹೆಸರು ಹೊರಗೆ ಹೋಗಿತ್ತು.

ಬೆಡ್ ನಂಬರ್ ಹಿಡಿದು ಹೋಗುವ ಅಭ್ಯಾಸ

ನನಗೆ ಹೆಚ್ಚು ಕಾಡಿದ್ದು ಇದು. ನಮ್ಮ ಎಲ್ಲ ವಾರ್ಡ್‌ಗಳಲ್ಲೂ ರೌಂಡ್ಸ್ ಒಂದನೇ ಬೆಡ್‌ನಿಂದ ಶುರುವಾಗುತ್ತದೆ. ಡಾಕ್ಟರ್ ರೌಂಡ್ಸ್, ಇಂಜೆಕ್ಷನ್, ಬಿಪಿ, ಹ್ಯಾಂಡೋವರ್ ಎಲ್ಲ ಒಂದು, ಎರಡು, ಮೂರು ಅಂತಲೇ. ಯಾರನ್ನೂ ಬಿಡಬಾರದು ಅಂತ ಮಾಡಿಕೊಂಡ ಕ್ರಮ, ಅದಕ್ಕೆ ಒಳ್ಳೆಯದೂ ಹೌದು. ಆದರೆ ಯಾರನ್ನು ಮೊದಲು ನೋಡಬೇಕು ಅನ್ನುವುದನ್ನು ಅಲ್ಲಿ ತೀರ್ಮಾನ ಮಾಡುವುದು ಗೋಡೆ ಮೇಲಿನ ನಂಬರ್. ಆ ರಾತ್ರಿ ಒಂದರಿಂದ 16ರವರೆಗೆ ಇದ್ದವರಲ್ಲಿ ಹೆಚ್ಚಿನವರು ನಾಳೆ, ನಾಡಿದ್ದು ಮನೆಗೆ ಹೋಗುವವರು. ಅವರನ್ನು ನಿದ್ದೆಯಿಂದ ಎಬ್ಬಿಸಿ ಬಿಪಿ ನೋಡಿದ್ದರಿಂದ ಯಾರಿಗೂ ಉಪಯೋಗ ಆಗಲಿಲ್ಲ. ಹನ್ನೆರಡಕ್ಕೆ ನೋಡಬೇಕಿದ್ದ 17ನೇ ಬೆಡ್‌ಗೆ ಇಪ್ಪತ್ತು ನಿಮಿಷ ತಡವಾಯಿತು. ಎಲ್ಲರಿಗೂ ಒಂದೇ ಅಳತೆಯ ಗಮನ ಕೊಟ್ಟರೆ ಬೇಕಾದವರಿಗೆ ಕಡಿಮೆ ಬೀಳುತ್ತದೆ.

ಕೂಗುವವರಿಗೆ ಮೊದಲು ಹೋಗುವುದೂ ಇಂಥದ್ದೇ. 22ನೇ ಬೆಡ್‌ನ ಖಾಲಿ ಡ್ರಿಪ್‌ಗೆ ಕ್ಲಾಂಪ್ ಹಾಕಲು ಅರ್ಧ ನಿಮಿಷ ಸಾಕು, ಅದನ್ನು ಆಯಮ್ಮನ ಕೈಲಿ ಹೇಳಿ ಕಳಿಸಬಹುದಿತ್ತು. ಬ್ರದರ್ ಅಲ್ಲಿ ಹತ್ತು ನಿಮಿಷ ಸಮಾಧಾನ ಹೇಳುತ್ತಾ ನಿಂತರು. ಅವರನ್ನೂ ದೂರುವುದಿಲ್ಲ. ಮರುದಿನ ಆಫೀಸಿಗೆ ದೂರು ಹೋದರೆ ಮೆಮೊ ಬರುವುದು ಅವರಿಗೇ. 17ನೇ ಬೆಡ್‌ನ ತಾಯಿ ಏನೂ ಕೇಳಲಿಲ್ಲ. ಮಗಳು ಮಲಗಿದ್ದಾಳೆ, ಮಲಗಲಿ ಅಂತ ಸೆರಗು ಹೊದ್ದು ಪಕ್ಕದಲ್ಲೇ ಕೂತಿದ್ದರು.

ನಂಬರ್ ಕೂಡಿಸಿ ಎಚ್ಚರಿಸುವ ಕ್ರಮವೊಂದು ಇದ್ದಿದ್ದರೆ ಏನಾಗುತ್ತಿತ್ತು? ಬ್ರಿಟನ್‌ನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ನ್ಯೂಸ್ (ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್) ಎಂಬ ಸ್ಕೋರ್ ತಂದಿತು, 2017ರಲ್ಲಿ ಅದನ್ನು ತಿದ್ದಿ ನ್ಯೂಸ್2 ಮಾಡಿತು. ಅದರಲ್ಲಿ ಹಾಕಿ ನೋಡಿದೆ. ರಾತ್ರಿ ಹತ್ತಕ್ಕೆ ಅವಳ ಸ್ಕೋರ್ 2. 12:20ಕ್ಕೆ ಉಸಿರಾಟ 22ಕ್ಕೆ 2, ಮೇಲಿನ ಬಿಪಿ 100ಕ್ಕೆ 2, ಪಲ್ಸ್ 118ಕ್ಕೆ 2, ಒಟ್ಟು 6. 5 ಅಥವಾ ಅದಕ್ಕಿಂತ ಹೆಚ್ಚಾದರೆ ತುರ್ತಾಗಿ ಡಾಕ್ಟರ್ ನೋಡಬೇಕು ಅನ್ನುತ್ತದೆ ಆ ಸ್ಕೋರ್. ಒಂದೊಂದೇ ನೋಡಿದರೆ ಯಾವ ನಂಬರೂ ಹೆದರಿಸುವಂಥದ್ದಲ್ಲ, ಕೂಡಿಸಿದಾಗ ಗೊತ್ತಾಗುತ್ತದೆ. ಇನ್ನೊಂದು ವಿಷಯ. ಎರಡು ಬಿಪಿ ನಡುವಿನ ಅಂತರವನ್ನು ನ್ಯೂಸ್2 ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ನಮ್ಮ ಡೆಂಗ್ಯೂ ವಾರ್ಡ್‌ಗೆ ಆ ಸ್ಕೋರ್ ಒಂದೇ ಸಾಲದು.

ಸಭೆ

ಮೂರನೇ ದಿನ ಸಭೆ ಕರೆದರು. ಅಷ್ಟರೊಳಗೆ ವಿದ್ಯಾರ್ಥಿನಿಗೆ ಮೆಮೊ ಹೋಗಿತ್ತು: ಅಸಹಜ ಬಿಪಿಯನ್ನು ತಿಳಿಸದೇ ಇದ್ದದ್ದಕ್ಕೆ ವಿವರಣೆ ಕೊಡಿ ಅಂತ. ಅವಳು ಅಳುತ್ತಾ ಬಂದಿದ್ದಳು. ನಾನು ಚಾರ್ಟ್ ಮುಂದಿಟ್ಟು ಒಂದೇ ಪ್ರಶ್ನೆ ಕೇಳಿದೆ. 100/80 ಅಸಹಜ ಅಂತ ಈ ಚಾರ್ಟ್‌ನಲ್ಲಿ ಎಲ್ಲಿ ಬರೆದಿದೆ? ಯಾವ ನಂಬರ್ ಬಂದರೆ ಹೇಳಬೇಕು ಅಂತ ಯಾರು ಅವಳಿಗೆ ಹೇಳಿದ್ದರು? ಯಾರ ಹತ್ತಿರವೂ ಉತ್ತರ ಇರಲಿಲ್ಲ. ಎರಡು ಬಿಪಿ ನಡುವಿನ ಈ ಅಂತರ, ಪಲ್ಸ್ ಪ್ರೆಷರ್, ಪುಸ್ತಕದಲ್ಲಿದೆ, ಅವಳು ಓದಿಯೂ ಇದ್ದಾಳೆ. ವಾರ್ಡ್‌ನಲ್ಲಿ ಯಾರೂ ಅದನ್ನು ಬಾಯಲ್ಲಿ ಆಡುವುದಿಲ್ಲ. ಆಡದ ವಿಷಯ ಮಧ್ಯರಾತ್ರಿ ನೆನಪಾಗುವುದಿಲ್ಲ.

ಇನ್‌ಚಾರ್ಜ್ ಸಿಸ್ಟರ್ ಆಗ ಎದ್ದು ನಿಂತರು. "ಅವಳಿಗೆ ನಾನು ಏನು ಹೇಳಿದ್ನೋ ಅಷ್ಟು ಮಾಡಿದಾಳೆ. ಮೆಮೊ ಕೊಡೋದಾದ್ರೆ ನನಗೆ ಕೊಡಿ." ಮೆಮೊ ವಾಪಸ್ ಆಯಿತು. ನರ್ಸಿಂಗ್ ನಾಯಕತ್ವ ಅಂತ ನಾವು ಪುಟಗಟ್ಟಲೆ ಕಲಿಸುತ್ತೇವೆ. ಆ ಮಾತು ಕೇಳಿದ ಹುಡುಗಿ ಮುಂದಿನ ಸಲ ಅನುಮಾನ ಬಂದರೆ ಬೈಸಿಕೊಳ್ಳುವ ಭಯ ಇಲ್ಲದೆ ಕರೆಯುತ್ತಾಳೆ. ಮೆಮೊ ಉಳಿದಿದ್ದರೆ ಅವಳ ಬ್ಯಾಚಿನವರೆಲ್ಲ ಕಲಿಯುತ್ತಿದ್ದದ್ದು ಬೇರೆ: ಅನುಮಾನದ ನಂಬರ್ ಬಂದರೆ ಚಾರ್ಟ್‌ನಲ್ಲಿ ಬರೆಯುವುದೇ ಬೇಡ ಅಂತ.

ಸಭೆಗೆ ಆಯಮ್ಮನನ್ನು ಕರೆದಿರಲಿಲ್ಲ. ಮೊದಲು ಕಂಡುಹಿಡಿದವರು ಅವರು, ಅವರಿಲ್ಲದೆ ಇದು ಪೂರ್ತಿ ಆಗಲ್ಲ ಅಂತ ನಾನು ಹಟ ಹಿಡಿದೆ. ಬಂದು ಬಾಗಿಲ ಹತ್ತಿರವೇ ನಿಂತರು, ಕುರ್ಚಿ ಕೊಟ್ಟ ಮೇಲೆ ಕೂತರು. ಹೇಗೆ ಗೊತ್ತಾಯ್ತು ಅಂತ ಕೇಳಿದಾಗ ಅವರು ಹೇಳಿದ್ದು: "ಮಧ್ಯಾಹ್ನ ಮುಟ್ಟಿದಾಗ ಬೆಚ್ಚಗಿದ್ವು ರೀ. ಮಲಗಿದ ಮನುಷ್ಯನ ಕೈ ಹಂಗೆ ಬೆವತು ತಣ್ಣಗಿರಲ್ಲ." ಕ್ಲಿನಿಕಲ್ ಪರೀಕ್ಷೆ ಅಂದರೆ ಇದೇ ಅಲ್ವಾ? ಹಿಂದೆ ಹೇಗಿತ್ತು, ಈಗ ಹೇಗಿದೆ ಅಂತ ಹೋಲಿಸಿ ನೋಡಿ, ಸುಮ್ನಿರದೆ ಹೋಗಿ ಹೇಳುವುದು. ಇದನ್ನು ಆ ರಾತ್ರಿ ಪೂರ್ತಿ ಮಾಡಿದವರು ಆಯಮ್ಮ.

ಆಮೇಲೆ ಬದಲಾದದ್ದು

ದೊಡ್ಡ ಬದಲಾವಣೆ ಏನೂ ಅಲ್ಲ. ಹ್ಯಾಂಡೋವರ್ ಮುಗಿದ ಮೇಲೆ ಇನ್‌ಚಾರ್ಜ್ ಒಂದು ನಿಮಿಷ ನಿಂತು, ಈ ರಾತ್ರಿ ಕೆಡಬಹುದಾದ ಐದು ಬೆಡ್‌ಗಳನ್ನು ಬೋರ್ಡ್ ಮೇಲೆ ಬರೆಯುತ್ತಾರೆ. ಬಿಪಿ ನೋಡುವುದು ಆ ಐದರಿಂದ ಶುರು, ಉಳಿದದ್ದು ಆಮೇಲೆ. ಜ್ವರ ಬಿಟ್ಟು 48 ಗಂಟೆ ಆಗದ ಡೆಂಗ್ಯೂ ರೋಗಿಗೆ ಈ ಪಟ್ಟಿಯಲ್ಲಿ ಜಾಗ ಖಾಯಂ. ಡೆಂಗ್ಯೂ ಚಾರ್ಟ್‌ನಲ್ಲಿ ಬಿಪಿ ಪಕ್ಕ ಅಂತರಕ್ಕೆ ಒಂದು ಕಾಲಂ ಬಂತು, ಅದರ ಪಕ್ಕ ಯೂರಿನ್‌ಗೆ ಇನ್ನೊಂದು. ಕಳೆಯುವ ಲೆಕ್ಕ ಮಾಡಿ ಬರೆಯಬೇಕಾದ್ದರಿಂದ ಕಣ್ಣು ತಾನಾಗಿ ಅಲ್ಲಿ ನಿಲ್ಲುತ್ತದೆ. ಅಂತರ 30ಕ್ಕೆ ಇಳಿದರೆ ಇನ್‌ಚಾರ್ಜ್‌ಗೆ, 20 ಆದರೆ ಡಾಕ್ಟರ್‌ಗೆ. ಎರಡನೆಯದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಮೊದಲನೆಯದು ಮುಂಚೆಯೇ ಎಚ್ಚರ ಆಗಲಿ ಅಂತ ವಾರ್ಡ್‌ನವರೇ ಇಟ್ಟುಕೊಂಡದ್ದು. ಆಯಮ್ಮ, ವಾರ್ಡ್ ಬಾಯ್ ಇಬ್ಬರಿಗೂ ಹೇಳಿದ್ದು: ತಣ್ಣನೆ ಕೈ, ಹೊಸದಾಗಿ ತೊದಲು ಮಾತು, ಸಂಜೆಯಿಂದ ಯೂರಿನ್ ಇಲ್ಲ, ಇದರಲ್ಲಿ ಯಾವುದು ಕಂಡರೂ ಯಾರನ್ನೂ ಕೇಳದೆ ಇನ್‌ಚಾರ್ಜ್ ಹತ್ತಿರ ಹೋಗಿ.

ಶುರುವಿನಲ್ಲಿ ಸರಾಗ ಆಗಲಿಲ್ಲ. ಬೋರ್ಡ್ ಮೇಲಿನ ಐದು ನಂಬರ್ ಎರಡು ಮೂರು ರಾತ್ರಿ ಅಳಿಸದೆ ಹಾಗೇ ಉಳಿಯಿತು, ಡಿಸ್ಚಾರ್ಜ್ ಆದವರ ಬೆಡ್ ನಂಬರ್ ಕೂಡ ಅಲ್ಲೇ ಇತ್ತು. ಈಗ ಎಂಟು ಗಂಟೆಗೆ ಪೂರ್ತಿ ಒರೆಸಿ ಹೊಸದಾಗಿ ಬರೆಯುತ್ತಾರೆ. ಆರಾಮಿರುವ ರೋಗಿಯನ್ನು ಮಧ್ಯರಾತ್ರಿ ಎಬ್ಬಿಸದೆ ಬಿಡಲು ಡಾಕ್ಟರ್‌ಗಳ ಲಿಖಿತ ಒಪ್ಪಿಗೆ ಬೇಕಾಯಿತು. ಬಿಪಿ ಎಷ್ಟು ಹೊತ್ತಿಗೊಮ್ಮೆ ನೋಡಬೇಕು ಅನ್ನುವುದನ್ನು ನರ್ಸ್ ಒಬ್ಬರೇ ತೀರ್ಮಾನಿಸುವ ಹಾಗಿಲ್ಲ, ಅದು ನ್ಯಾಯವೇ. ಒಬ್ಬ ಹಿರಿಯ ಫಿಸಿಷಿಯನ್ ಮುಂದೆ ಬಂದು ಸಂಜೆ ರೌಂಡ್ಸ್‌ನಲ್ಲೇ ಪ್ರತಿ ರೋಗಿಗೂ ಬರೆದುಕೊಡಲು ಶುರು ಮಾಡಿದ ಮೇಲೆ ಉಳಿದವರೂ ಬರೆದರು.

ಸ್ಟಾಫ್ ವಿಷಯ ಮಾತ್ರ ಅರ್ಧಕ್ಕೆ ನಿಂತಿದೆ. ಡೆಂಗ್ಯೂ ತಿಂಗಳುಗಳಲ್ಲಿ ರಾತ್ರಿ ಎಂಟರಿಂದ ಎರಡರವರೆಗೆ ಒಬ್ಬ ಸ್ಟಾಫ್ ನರ್ಸ್ ಜಾಸ್ತಿ ಕೊಡಲು ಆಡಳಿತದವರು ಒಪ್ಪಿದ್ದಾರೆ. ವಿದ್ಯಾರ್ಥಿಗಳನ್ನು ಡ್ಯೂಟಿ ಪಟ್ಟಿಯಲ್ಲಿ ಸ್ಟಾಫ್ ಜಾಗದಲ್ಲಿ ಬರೆಯುವುದು ನಿಂತಿದೆ. ವರ್ಷಪೂರ್ತಿ ರಾತ್ರಿಗೆ ನಾಲ್ಕು ಸ್ಟಾಫ್ ಬೇಕು ಅಂತ ನರ್ಸಿಂಗ್ ಸೂಪರಿಂಟೆಂಡೆಂಟ್ ಕೊಟ್ಟ ಪತ್ರಕ್ಕೆ ಉತ್ತರ ಬಂದಿಲ್ಲ. ಅದರ ಜೊತೆ 17ನೇ ಬೆಡ್‌ನ ಚಾರ್ಟ್‌ನ ಪ್ರತಿಯನ್ನೂ, ಹುಡುಗಿಯ ಹೆಸರು ಮರೆಮಾಡಿ, ಲಗತ್ತಿಸಿ ಎರಡನೇ ಪತ್ರ ಕಳಿಸಿದ್ದೇವೆ.